ತಿಂಗಳಿಗೆ ಎಷ್ಟು ಕಮ್ಮಿ ಬೀಳುತ್ತದೆ, ಅಪ್ಪ?

ಪೈನ್‌ಕ್ರಾಫ್ಟ್, ಸಾರಸೋಟ, ಫ್ಲೋರಿಡಾ
೧೨ ಜನವರಿ ೨೦೦೯

ಅಮ್ಮನಿಗೆ,

ನಿನ್ನ ಕಾಗದ ಶನಿವಾರ ಬಂತು. ರಾತ್ರಿ ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ಈ ಬಾಡಿಗೆ ಮನೆಯಲ್ಲಿ ನಾವು ನಾಲ್ವರು ನಮ್ಮ ಆಮಿಶ್ ಪಂಥದ ಹುಡುಗಿಯರು. ಯಾರಿಗೆ ಕಾಗದ ಬಂದರೂ ಎಲ್ಲರಿಗೂ ಕೇಳುವ ಹಾಗೆ ಓದುತ್ತೇವೆ, ಮನೆಯಲ್ಲಿ ಅಪ್ಪ ಓದುವ ಹಾಗೆಯೇ. ತಮ್ಮ ಲೆರಾಯ್ ಹಿಮದಲ್ಲಿ ಜಾರಿ ಹಾಲಿನ ಬಕೆಟ್ಟಿನೊಳಗೆ ಕೂತದ್ದಕ್ಕೆ ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವನಿಗೆ ಹೇಳಬೇಡ. ಹದಿನೇಳಾಯಿತು, ಈಗ ಅವನಿಗೆ ಬೇಗ ಕೋಪ ಬರುತ್ತದೆ.

ಇಲ್ಲಿ ಬಿಸಿಲು. ಬೆಳಿಗ್ಗೆ ಕ್ಲಾರಾ ಅವರ ಪೈ ಅಂಗಡಿ, ಮಧ್ಯಾಹ್ನದ ಮೇಲೆ ಹೊರಗಿನವರ ಮನೆಗಳಲ್ಲಿ ಗುಡಿಸಿ ಒರೆಸುವುದು. ಶುಕ್ರವಾರ ನನಗೆ ಇಪ್ಪತ್ತೊಂದು ತುಂಬಿತಲ್ಲ, ಹುಡುಗಿಯರು ಹಾಡು ಹೇಳಿದರು. ಕ್ಲಾರಾ ಅಂಚು ಮುರಿದ ಒಂದು ಸೇಬಿನ ಪೈ ಕೊಟ್ಟು, "ಮಾರೋಕೆ ಬರಲ್ಲ, ತಿನ್ನೋಕೆ ಬರುತ್ತೆ" ಅಂದರು. ನಾನು ಕೆಲಸ ಮಾಡುವ ಮನೆಯ ಹ್ಯಾರಿಯೆಟ್ ಅನ್ನುವವರು, "ನಿಮ್ಮಲ್ಲಿ ಇಪ್ಪತ್ತೊಂದರ ತನಕ ಮಕ್ಕಳ ಕೂಲಿಯೆಲ್ಲ ಅಪ್ಪನ ಕೈಗಂತಲ್ಲ? ಹಾಗಾದ್ರೆ ಇನ್ಮೇಲೆ ನೀನೇ ಸಾಹುಕಾರ್ತಿ!" ಅಂದರು. ನಾನು ಪೊರಕೆ ತೆಗೆದುಕೊಂಡು ಮೆಟ್ಟಿಲು ಗುಡಿಸಲು ಹೋದೆ.

ಎರಡು ವಾರದ ಕೂಲಿಯ ಚೆಕ್ ಯಾವಾಗಿನ ಹಾಗೆ ಇದರ ಜೊತೆಗಿದೆ. ಅಪ್ಪನಿಗೆ ಕೊಡು.

ಕ್ಲಾರಾ ಅವರಿಗೆ ಮಂಡಿ ನೋವು. ಮುಂದಿನ ಚಳಿಗಾಲಕ್ಕೆ ಅಂಗಡಿಯನ್ನು ಯಾರಿಗಾದರೂ ವಹಿಸಬೇಕು ಅನ್ನುತ್ತಾರೆ. ಈಸ್ಟರ್ ಹೊತ್ತಿಗೆ ಎರಡು ಸಾವಿರ ಡಾಲರ್ ಮುಂಗಡ, ಉಳಿದದ್ದು ಮೂರು ವರ್ಷದಲ್ಲಂತೆ. ಪೈ ಹಿಟ್ಟು ನನ್ನ ಕೈಯ ಮಾತು ಕೇಳುತ್ತದೆ ಅಂದರು. ಯಾರು ತೆಗೆದುಕೊಳ್ಳುತ್ತಾರೋ. ಸುಮ್ಮನೆ ಬರೆದೆ.

ನಿನ್ನ ಮಗಳು,
ವಿಲ್ಮಾ


ಹನಿವಿಲ್, ಇಂಡಿಯಾನಾ
೨೨ ಜನವರಿ

ಮಗಳೇ ವಿಲ್ಮಾ,

ನಿನ್ನ ಕಾಗದವನ್ನು ನಿಮ್ಮಪ್ಪ ಊಟವಾದ ಮೇಲೆ ಓದಿದರು. ಅಜ್ಜಿಯೂ ಪಕ್ಕದ ಮನೆಯಿಂದ ಕಂಬಳಿ ಹೊದ್ದುಕೊಂಡು ಬಂದಿದ್ದರು. ಇಪ್ಪತ್ತೊಂದು ಅನ್ನುವ ಕಡೆ ನಿಮ್ಮಪ್ಪ ಒಂದು ಗುಟುಕು ನೀರು ಕುಡಿದರು. ಆಮೇಲೆ ಓದಿದ್ದೆಲ್ಲ ಬೇಗ ಬೇಗ. ಪೈ ಅಂಗಡಿ ಅಂದ ತಕ್ಷಣ ಅಜ್ಜಿ, "ಎರಡು ಸಾವಿರವಾ? ಪೈಗಾ? ಆ ದುಡ್ಡಲ್ಲಿ ನಾನು ಮೂರು ಮಕ್ಕಳ ಮದುವೆ ಮಾಡಿದೀನಿ" ಅಂದರು. ಲೆರಾಯ್, "ಮೂರನೇದರಲ್ಲಿ ಊಟ ಸಾಲಲಿಲ್ಲ ಅಂತ ಕೇಳಿದೀನಿ" ಅಂದ. ಆ ಮೂರನೆಯದು ನಮ್ಮದೇ. ಎಲ್ಲರೂ ನಕ್ಕೆವು.

ಚೆಕ್ ಬಂತು. ನಿಮ್ಮಪ್ಪ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಚಳಿ ಜೋರಾಗಿದೆ. ಕೋಳಿಗಳಿಗೆ ಕೆಮ್ಮು. ಕಂದು ಹೇಂಟೆಯನ್ನು ಬೇರೆ ಇಟ್ಟಿದ್ದೇನೆ. ನಿಮ್ಮಪ್ಪ ಈಚೆಗೆ ಮನೆಯಲ್ಲೇ ಹೆಚ್ಚಿರುತ್ತಾರೆ. ಕುದುರೆ ಸರಂಜಾಮನ್ನೆಲ್ಲ ಹೊಲಿದಾಯಿತು, ಬಾಗಿಲ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟಾಯಿತು, ಈಗ ನನ್ನ ಅಡುಗೆಮನೆಯ ಕಪಾಟುಗಳನ್ನು ನೋಡುತ್ತಿದ್ದಾರೆ. ನನಗೆ ಭಯ.

ಪೈ ಅಂಗಡಿಯನ್ನು ಯಾರಾದರೂ ಒಳ್ಳೆಯವರು ತೆಗೆದುಕೊಳ್ಳಲಿ.

ನಿನ್ನ ಅಮ್ಮ,
ಫ್ಯಾನಿ


ಪೈನ್‌ಕ್ರಾಫ್ಟ್
೬ ಫೆಬ್ರವರಿ

ಅಮ್ಮಾ,

ಇದನ್ನು ಗಟ್ಟಿಯಾಗಿ ಓದಬಾರದು ಅಂತ ಲಕೋಟೆಯ ಮೇಲೆಯೇ ಬರೆದಿದ್ದೇನೆ. ನೀನೊಬ್ಬಳೇ ಓದು.

ಬುಧವಾರ ಇಂಡಿಯಾನಾ ಬಸ್ಸು ಬಂತು. ಬಸ್ಸು ಬಂದರೆ ಇಲ್ಲಿ ಮುದುಕರು ಮೂರು ಗಾಲಿ ಸೈಕಲ್ಲು ತುಳಿದುಕೊಂಡು, ಹುಡುಗರು ಓಡಿಕೊಂಡು, ಎಲ್ಲರೂ ಅಲ್ಲಿಗೇ ಬರುತ್ತಾರೆ. ನಾನೂ ಹೋಗಿದ್ದೆ. ನಮ್ಮ ಕಡೆಯ ಅಮಾಂಡಾ ಮಿಲ್ಲರ್ ಇಳಿದರು. ಪೆಟ್ಟಿಗೆ ಇನ್ನೂ ಕೆಳಗೆ ಬಂದಿರಲಿಲ್ಲ. "ನೀನು ಓರ್ಲಾ ಬಾಂಟ್ರೆಗರ್ ಮಗಳಲ್ವೇನೇ? ಪಾಪ, ಹೇಗಿದಾನೆ ನಿಮ್ಮಪ್ಪ? ಟ್ರೇಲರ್ ಕಾರ್ಖಾನೆ ಬಾಗಿಲು ಹಾಕಿ ಎರಡು ತಿಂಗಳಾಗ್ತಾ ಬಂತಲ್ಲೇ!" ಅಂದರು. ಸುತ್ತಲೂ ಜನ.

"ಚೆನ್ನಾಗಿದ್ದಾರೆ" ಅಂದೆ.

"ನಿನಗೆ ಗೊತ್ತಿತ್ತು ತಾನೇ?"

"ಗೊತ್ತು."

ಸುಳ್ಳು ಹೇಳಿದೆ. ಕ್ರಿಸ್‌ಮಸ್‌ಗೆ ಮುಂಚೆಯೇ ಅಪ್ಪನ ಕಾರ್ಖಾನೆ ಮುಚ್ಚಿತ್ತಂತೆ. ಆಮೇಲೆ ನೀನು ಎಷ್ಟು ಕಾಗದ ಬರೆದೆ ಅಮ್ಮ. ಕೋಳಿಯ ಕೆಮ್ಮನ್ನು ಕೂಡ ಬರೆದೆ.

ನಮ್ಮವರು ಸರ್ಕಾರದ ನಿರುದ್ಯೋಗದ ದುಡ್ಡು ಮುಟ್ಟುವುದಿಲ್ಲ ಅನ್ನುವುದು ನನಗೆ ಗೊತ್ತು. ಬ್ಯಾಂಕಿನವರು ಮನೆಯ ಕಂತಿಗೆ ಕಾಯುವುದಿಲ್ಲ ಅನ್ನುವುದೂ ಗೊತ್ತು. ಉಳಿದದ್ದೇನೂ ಗೊತ್ತಿಲ್ಲ. ಫೋನಿನಲ್ಲಿ ಕೇಳೋಣ ಅಂದರೆ ನಮ್ಮವರು ಮನೆಯೊಳಗೆ ಫೋನ್ ಇಡುವುದಿಲ್ಲ, ರಸ್ತೆ ತುದಿಯ ಆ ಫೋನ್ ಗೂಡು ನಾಲ್ಕು ಮನೆಗೆ ಒಂದೇ. ನೀನು ಒಳಗೆ ಮಾತಾಡುವಾಗ ಹೊರಗೆ ಯಾರಾದರೂ ಕಾಲು ಕುಟ್ಟುತ್ತ ನಿಂತಿರುತ್ತಾರೆ.

ನನ್ನ ಕೈಖರ್ಚಿನದನ್ನೂ ಸೇರಿಸಿ ಈ ಸಲದ ಚೆಕ್ ಬರೆದಿದ್ದೇನೆ. ಮನೆಯಲ್ಲಿ ಹೇಗಿದೆ, ನಿಜವಾಗಿ ಬರೆ.

ವಿಲ್ಮಾ


ಹನಿವಿಲ್
೧೬ ಫೆಬ್ರವರಿ

ಮಗಳೇ,

ಲಕೋಟೆಯ ಮೇಲೆ ಹಾಗೆಲ್ಲ ಬರೆಯುವುದಾ? ಅಂಚೆಯವನೇ ಮೊದಲು ಓದಿದ್ದಾನೆ. "ಏನೋ ಗುಟ್ಟಿದೆ" ಅಂತ ಲೆರಾಯ್ ಕೈಗೆ ಕೊಟ್ಟನಂತೆ. ಲೆರಾಯ್ ಅಂಗಳದಿಂದಲೇ, "ಅಮ್ಮಾ, ವಿಲ್ಮಾಗೆ ಹುಡುಗ ಸಿಕ್ಕಿದಾನೆ!" ಅಂತ ಕೂಗಿಕೊಂಡು ಬಂದ. ನಾನು ಒಗೆಯುವ ಕೋಣೆಗೆ ಹೋಗಿ ಓದಿದೆ. ಹೊರಗೆ ಬಂದಾಗ ನನ್ನ ಕಣ್ಣು ಕೆಂಪಾಗಿತ್ತು. ಇನ್ನು ಕೇಳಬೇಕಾ, ಎಲ್ಲರಿಗೂ ಖಾತ್ರಿಯಾಯಿತು. ಅಜ್ಜಿ, "ಯಾವ ಊರಿನವನು? ಓಹಾಯೋದವನಾದ್ರೆ ಬೇಡ, ಅವರು ಕಾಫಿಗೆ ನೀರು ಜಾಸ್ತಿ ಹಾಕ್ತಾರೆ" ಅಂದರು. ಹುಡುಗ ಯಾರೂ ಇಲ್ಲ ಅಂದರೆ ನಂಬುವುದಿಲ್ಲ. ನೀಲಿ ಬಟ್ಟೆ ಕತ್ತರಿಸಿ ಮದುವೆಯ ಕೌದಿ ಶುರು ಮಾಡಿಬಿಟ್ಟಿದ್ದಾರೆ.

ನೀನು ಕೇಳಿದ್ದಕ್ಕೆ. ಹೌದು, ಕಾರ್ಖಾನೆ ಮುಚ್ಚಿದೆ. ನಮ್ಮೊಬ್ಬರದೇ ಅಲ್ಲ, ಈ ರಸ್ತೆಯಲ್ಲಿ ಅರ್ಧ ಗಂಡಸರು ಮನೆಯಲ್ಲಿದ್ದಾರೆ. ದೇವರು ಇದ್ದಾನೆ. ಊಟಕ್ಕೆ ಕಮ್ಮಿಯಿಲ್ಲ. ನೀನು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ನಿಮ್ಮಪ್ಪನ ಹತ್ತಿರ ಈ ಮಾತು ಎತ್ತಿದರೆ ಎದ್ದು ಕೊಟ್ಟಿಗೆಗೆ ಹೋಗುತ್ತಾರೆ. ನಾನೂ ಎತ್ತುವುದಿಲ್ಲ.

ನಿನ್ನೆ ನಮ್ಮ ಚರ್ಚ್ ಸಭೆಯ ಡೀಕನ್ ಬಂದಿದ್ದರು. ಕಾಫಿ ಕುಡಿದರು, ನಿಮ್ಮಪ್ಪನ ಜೊತೆ ಹೊರಗೆ ನಿಂತು ಮಾತಾಡಿದರು, ಹೋದರು.

ಬಿಸಿಲಲ್ಲಿ ತಲೆಗೆ ಬಟ್ಟೆ ಇಲ್ಲದೆ ತಿರುಗಬೇಡ.

ಅಮ್ಮ


ಪೈನ್‌ಕ್ರಾಫ್ಟ್
೨ ಮಾರ್ಚ್

ಅಪ್ಪನಿಗೆ,

ನಿಮಗೆ ಅಂತ ಬೇರೆಯಾಗಿ ನಾನು ಬರೆದದ್ದು ಇದೇ ಮೊದಲು. ಹೇಗೆ ಶುರು ಮಾಡಬೇಕೋ ತಿಳಿಯದೆ ಎರಡು ಹಾಳೆ ಹರಿದೆ. ಇದನ್ನೂ ಹರಿಯುವ ಮೊದಲು ಬರೆದು ಮುಗಿಸುತ್ತೇನೆ.

ಡೀಕನ್ ಬಂದಿದ್ದರು ಅಂತ ಅಮ್ಮ ಬರೆದಿದ್ದಳು. ಸಭೆಯ ಸಹಾಯದ ದುಡ್ಡು ಡೀಕನ್ ಕೈಯಲ್ಲೇ ಇರುವುದು ಅಂತ ನನಗೆ ಗೊತ್ತು. ಅಲ್ಲಿಯ ತನಕ ಬಂತಲ್ಲ ಅಂದುಕೊಂಡೆ. ಕಾಗದ ಬಂದ ಮಾರನೆಯ ದಿನವೇ ಕ್ಲಾರಾ ಅವರ ಹತ್ತಿರ ಹೋಗಿ ಅಂಗಡಿ ನನಗೆ ಬೇಡ ಅಂದೆ. ಅವರು ಮೊದಲು ಕೇಳಿದ್ದೇ ನನ್ನನ್ನು. ಅಮ್ಮನಿಗೆ ಬರೆಯುವಾಗ ಯಾರೋ ಬೇರೆಯವರಿಗೆ ಅನ್ನುವ ಹಾಗೆ ಬರೆದಿದ್ದೆ.

ಕ್ಲಾರಾ ಹಿಟ್ಟು ನಾದುತ್ತಿದ್ದರು. ತಲೆ ಎತ್ತಲಿಲ್ಲ.

"ಯಾಕೆ ಬೇಡ?"

"ಮನೇಲಿ ದುಡ್ಡು ಬೇಕು."

"ಎಷ್ಟು ಬೇಕು?"

"ಗೊತ್ತಿಲ್ಲ."

"ಎಷ್ಟು ದಿನ ಬೇಕು?"

"ಗೊತ್ತಿಲ್ಲ."

ಆಗ ಅವರು ನಾದುವುದನ್ನು ನಿಲ್ಲಿಸಿದರು. "ಹುಡುಗಿ, ಪೈಗೆ ಸಕ್ಕರೆ ಎಷ್ಟು ಅಂತ ನಾನು ಹೇಳದೇ ಇದ್ರೆ ನೀನು ಚೀಲಾನೇ ಸುರೀತೀಯಾ? ಕೇಳ್ತೀಯಲ್ಲ? ಮತ್ತೆ ಇದನ್ಯಾಕೆ ಕೇಳಲ್ಲ?" ಅಂದರು.

ಅಪ್ಪನನ್ನು ಹಾಗೆಲ್ಲ ಕೇಳುವುದಿಲ್ಲ ಅಂದೆ. "ಕೇಳಬೇಡ ಬಿಡು. ನಮ್ಮೋರು ಹಾಗೇ. ಒಬ್ಬರಿಗೊಬ್ಬರು ಮನೆ ಬೇಕಾದ್ರೆ ಕಟ್ಟಿಕೊಡ್ತಾರೆ, ಬಾಯಿ ಮಾತ್ರ ಬಿಡಲ್ಲ" ಅಂದರು. ಓಹಾಯೋದಲ್ಲಿ ಅವರ ಅಣ್ಣನ ಮಗಳು ಇದ್ದಾಳಂತೆ, ಅವಳಿಗೆ ಬರೆಯುತ್ತಾರಂತೆ.

ನಾನು ಇನ್ನೂ ಎರಡು ಮನೆಗಳ ಕೆಲಸ ಹಿಡಿದಿದ್ದೇನೆ. ಎಲ್ಲ ಸೇರಿಸಿದ ಚೆಕ್ ಇದರಲ್ಲಿದೆ, ಏಳುನೂರು ಡಾಲರ್. ಆದರೂ ಕೆಲಸ ಮಾಡುವಾಗೆಲ್ಲ ಸಾಲದು ಸಾಲದು ಅನ್ನಿಸುತ್ತದೆ. ಎಷ್ಟಾದರೆ ಸಾಕು ಅನ್ನುವುದೇ ಗೊತ್ತಿಲ್ಲದಿದ್ದರೆ ಸಾಕಾಗುವುದು ಯಾವಾಗ?

ಅದಕ್ಕೆ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ತಿಂಗಳಿಗೆ ಎಷ್ಟು ಕಮ್ಮಿ ಬೀಳುತ್ತದೆ, ಅಪ್ಪ?

ಇನ್ನೊಂದು. ನನಗೆ ಇಪ್ಪತ್ತೊಂದಾಗಿದೆ. ನಾನು ಕಳಿಸುತ್ತಿರುವುದು ಮೊದಲಿನ ಹಾಗೆ ಕಳಿಸಲೇಬೇಕಾದದ್ದೋ, ನಾನಾಗಿ ಕೊಡುತ್ತಿರುವುದೋ? ಯಾವುದಾದರೂ ಸರಿ. ಯಾವುದು ಅಂತ ತಿಳಿದರೆ ಸಾಕು.

ನಿಮ್ಮ ಮಗಳು,
ವಿಲ್ಮಾ


ಹನಿವಿಲ್
೧೨ ಮಾರ್ಚ್

ವಿಲ್ಮಾ,

ಇದನ್ನು ಗಟ್ಟಿಯಾಗಿ ಓದಿಕೊಂಡರೆ ಓದಿಕೋ. ಮುಚ್ಚುವಂಥದ್ದು ಏನಿಲ್ಲ.

ನನಗೆ ಬರೆದು ಅಭ್ಯಾಸವಿಲ್ಲ. ನಿನ್ನ ಕಾಗದವನ್ನು ಕೊಟ್ಟಿಗೆಯಲ್ಲಿ ಓದಿದೆ. ಮೊದಲು ಕೋಪ ಬಂತು. ಮಗಳು ಅಪ್ಪನನ್ನು ಲೆಕ್ಕ ಕೇಳುವುದಾ ಅಂತ. ಕುದುರೆಗೆ ಹುಲ್ಲು ಹಾಕಿ ಉತ್ತರ ಬರೆಯೋಣ ಅಂತ ಕೂತೆ. ಕೂತ ಮೇಲೆ ಗೊತ್ತಾಯಿತು, ಉತ್ತರ ನನಗೇ ಗೊತ್ತಿಲ್ಲ.

ನಿಮ್ಮಮ್ಮನನ್ನು ಕರೆದೆ. "ತಿಂಗಳಿಗೆ ನಮಗೆ ಎಷ್ಟು ಕಮ್ಮಿ ಬೀಳುತ್ತೆ ಫ್ಯಾನಿ?" ಅಂತ ಕೇಳಿದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, "ಸಾವಿರ ಇರಬೇಕು" ಅಂದಳು. ನಾನು ಆರುನೂರು ಅಂದುಕೊಂಡಿದ್ದೆ. ಹಳೆಯ ಮೇವಿನ ಚೀಟಿಯ ಹಿಂಬದಿಯಲ್ಲಿ ಇಬ್ಬರೂ ಕೂತು ಬರೆದೆವು. ಬ್ಯಾಂಕಿನ ಕಂತು, ಗ್ಯಾಸು, ಮೇವು, ಸಭೆಯ ಆಸ್ಪತ್ರೆ ನಿಧಿಗೆ ನಮ್ಮ ಪಾಲು, ದಿನಸಿ. ಬರುವುದು: ವಾರಕ್ಕೆ ಮೂರು ದಿನ ನಾನು ತಮ್ಮನ ಶೆಡ್ಡಿನಲ್ಲಿ ಮರದ ಪೆಟ್ಟಿಗೆ ಮಾಡುವುದು, ಲೆರಾಯ್ ಕೂಲಿ, ಮೊಟ್ಟೆ. ಕೂಡಿ ಕಳೆದರೆ ನೂರ ಎಂಬತ್ತು ಕಮ್ಮಿ. ನಾನು ತಪ್ಪಿರಬೇಕು ಅಂತ ಲೆರಾಯ್ ಕೈಯಲ್ಲಿ ಮತ್ತೆ ಮಾಡಿಸಿದೆ. ನೂರ ಎಂಬತ್ತೇ.

"ಇಷ್ಟೇನಾ?" ಅಂದಳು ನಿಮ್ಮಮ್ಮ. ಆಮೇಲೆ ನನ್ನನ್ನು ಬೈದಳು. ಆಮೇಲೆ ಅತ್ತಳು. ಆಮೇಲೆ ಕಾಫಿ ಮಾಡಿದಳು. ಚಳಿಗಾಲ ಪೂರ್ತಿ ಒಂದೇ ಹಾಸಿಗೆಯಲ್ಲಿ ಮಲಗಿ ಅವಳು ಸಾವಿರಕ್ಕೆ ಹೆದರುತ್ತಿದ್ದಳು, ನಾನು ಆರುನೂರಕ್ಕೆ.

ಡೀಕನ್ ಬಂದದ್ದು ಕೊಡುವುದಕ್ಕಲ್ಲ, ಕೇಳುವುದಕ್ಕೆ. ಯೋಡರ್ ಮನೆಯವರ ಕೊಟ್ಟಿಗೆ ಸುಟ್ಟುಹೋಗಿದೆ, ಕಟ್ಟಲು ಕೈ ಖಾಲಿ ಇರುವವರು ಬೇಕು ಅಂದರು. ಖಾಲಿ ಕೈ ಈಗ ಊರ ತುಂಬ ಇದೆ. ಎರಡೇ ದಿನದಲ್ಲಿ ಎಬ್ಬಿಸಿಬಿಟ್ಟೆವು.

ಈಗ ನಿನ್ನ ಇನ್ನೊಂದು ಪ್ರಶ್ನೆ. ಇಪ್ಪತ್ತೊಂದರ ಮೇಲೆ ನಿನ್ನ ದುಡಿಮೆ ನಿನ್ನದು. ಜನವರಿಯಲ್ಲಿ ಚೆಕ್ ಬಂದಾಗ ಅದು ನನ್ನದಲ್ಲ ಅಂತ ಗೊತ್ತಿತ್ತು. ವಾಪಸ್ಸು ಕಳಿಸಿದರೆ ನಿನ್ನ ಕೈ ತಳ್ಳಿದ ಹಾಗೆ ಆಗುತ್ತದೆ ಅನ್ನಿಸಿತು. ಇಟ್ಟುಕೊಂಡರೆ ಕೇಳಿ ಪಡೆದ ಹಾಗೆ. ಎರಡೂ ಬೇಡ ಅಂತ ಸುಮ್ಮನಿದ್ದೆ. ಸುಮ್ಮನಿದ್ದರೂ ದುಡ್ಡು ಖರ್ಚಾಗುತ್ತದೆ. ಭಯಕ್ಕೆ ಬ್ಯಾಂಕಿಗೆ ಮೂರು ಕಂತು ಮುಂಚೆಯೇ ಕಟ್ಟಿದೆ. ಉಳಿದದ್ದರಲ್ಲಿ ಅಜ್ಜಿಗೆ ಹಲ್ಲಿನ ಸೆಟ್ಟು ಮಾಡಿಸಿದೆ. ಕಂತಿನ ದುಡ್ಡನ್ನು ಕಾರ್ಖಾನೆ ತೆರೆದ ಮೇಲೆ ನಿನಗೆ ತೀರಿಸುತ್ತೇನೆ. ಹಲ್ಲು ಅಜ್ಜಿಯ ಬಾಯಲ್ಲಿದೆ, ವಾಪಸ್ಸು ಕೇಳುವ ಹಾಗಿಲ್ಲ.

ಈ ಸಲದ ಏಳುನೂರರ ಚೆಕ್ ಇದರಲ್ಲೇ ವಾಪಸ್ಸಿದೆ. ಕೈ ತಳ್ಳುತ್ತಿಲ್ಲ. ಎರಡನೆಯ ಗಾಡಿ ಕುದುರೆಯನ್ನು ಮಾರುತ್ತೇನೆ, ಕಾರ್ಖಾನೆಗೆ ಹೋಗದವನಿಗೆ ಎರಡು ಕುದುರೆ ಯಾಕೆ? ಅದರ ಮೇವು ಉಳಿದರೆ ತಿಂಗಳಿಗೆ ಎಂಬತ್ತು ಉಳಿಯಿತು. ಇನ್ನು ನೂರು. ಅದನ್ನು ನಿನ್ನ ಹತ್ತಿರ ಕೇಳುತ್ತಿದ್ದೇನೆ. ನಾನಾಗಿ ಕೇಳುತ್ತಿದ್ದೇನೆ, ಸೆಪ್ಟೆಂಬರ್ ತನಕ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತ ಬರೆ. ನೂರರ ಮೇಲೆ ಒಂದು ಡಾಲರ್ ಬಂದರೂ ತಿರುಗಿ ಕಳಿಸುತ್ತೇನೆ.

ಪೈ ಅಂಗಡಿ ನಿನಗೆ ಬೇಕಾಗಿತ್ತು ಅಂತ ನನಗೆ ತಿಳಿಯಲಿಲ್ಲ. ಸುಮ್ಮನೆ ಬರೆದೆ ಅಂತ ಬರೆದಿದ್ದೆ. ನಾನು ಸುಮ್ಮನೆ ಓದಿದೆ.

ಹುಡುಗ ಇಲ್ಲ ಅಂತ ಅಜ್ಜಿಗೆ ಗಟ್ಟಿಯಾಗಿ ಹೇಳಿದೆವು. ಕೌದಿ ನಿಲ್ಲಿಸುವುದಿಲ್ಲವಂತೆ. ಇವತ್ತಿಲ್ಲದಿದ್ದರೆ ನಾಳೆ ಅಂದರು.

ನಿನ್ನ ಅಪ್ಪ,
ಓರ್ಲಾ ಬಾಂಟ್ರೆಗರ್


ಪೈನ್‌ಕ್ರಾಫ್ಟ್
೨೩ ಮಾರ್ಚ್

ಅಪ್ಪ, ಅಮ್ಮ,

ಕಾಗದವನ್ನು ಮೊದಲು ಒಬ್ಬಳೇ ಓದಿದೆ. ನೂರ ಎಂಬತ್ತು ಅಂತ ಕಂಡ ತಕ್ಷಣ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮನೆ ಹೋಗುತ್ತದೆ, ನೀವೆಲ್ಲ ಅಜ್ಜಿಯ ಚಿಕ್ಕ ಮನೆಯಲ್ಲಿ ಒತ್ತಿಕೊಂಡು ಇರುತ್ತೀರಿ ಅಂತ ಏನೇನೋ ನೋಡಿಬಿಟ್ಟಿದ್ದೆ. ಒಂದೇ ಸಲಕ್ಕೆ ಹಸಿವಾಯಿತು. ಎರಡು ಹೋಳು ಬ್ರೆಡ್ಡಿಗೆ ಸೇಬಿನ ಮುರಬ್ಬ ದಪ್ಪಗೆ ಬಳಿದು ಅಲ್ಲೇ ಕೂತು ತಿಂದೆ.

ರಾತ್ರಿ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ಹಲ್ಲಿನ ಸೆಟ್ಟಿನ ಹತ್ತಿರ ಎಲ್ಲರೂ ನಕ್ಕರು. ಕೊನೆಗೆ ರೂತಾನ್, "ನಮ್ಮನೇಲೂ ಕಾರ್ಖಾನೆ ಹೋಗಿದೆ ಕಣ್ರೇ, ನಾನು ಹೇಳಿರಲಿಲ್ಲ" ಅಂದಳು. ಅವಳು ಡಿಸೆಂಬರಿನಿಂದ ನಮ್ಮ ಜೊತೆಯೇ ಇದ್ದಾಳೆ. ಅವಳೂ ಅವತ್ತೇ ಅವರಪ್ಪನಿಗೆ ಬರೆದಳು. ನಿಮ್ಮ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡೇ ಬರೆದಳು.

ನೂರು ಆಗುತ್ತದೆ, ಅಪ್ಪ. ಧಾರಾಳವಾಗಿ ಆಗುತ್ತದೆ. ಹಲ್ಲಿನ ದುಡ್ಡು ನನ್ನ ಉಡುಗೊರೆ, ಅದನ್ನು ಬಿಟ್ಟುಬಿಡಿ. ಕಂತಿನದು ನಿಧಾನವಾಗಿ ಕೊಡಿ. ಬೇಡ ಅಂತ ಬರೆಯೋಣ ಅಂದುಕೊಂಡೆ, ಆದರೆ ನನಗೆ ಅದು ಬೇಕಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಕ್ಲಾರಾ ಅವರ ಅಣ್ಣನ ಮಗಳು ಬಂದು ನೋಡಿ, ಪೈ ಮೇಲಿನ ಕೆನೆಯನ್ನು ಡಬ್ಬದ್ದೇ ಹಾಕಿದರೆ ಕೆಲಸ ಹಗುರ ಅಂದಳಂತೆ. "ಬಸ್ಸು ಎಷ್ಟು ಹೊತ್ತಿಗಿದೆ ಅಂತ ನಾನೇ ನೋಡಿಕೊಟ್ಟೆ" ಅಂದರು ಕ್ಲಾರಾ. ಆಮೇಲೆ ನನ್ನ ಕಡೆ ತಿರುಗಿದರು.

"ಕೇಳಿದೆಯಾ ನಿಮ್ಮಪ್ಪನ್ನ?"

"ಕೇಳಿದೆ. ತಿಂಗಳಿಗೆ ನೂರು, ಸೆಪ್ಟೆಂಬರ್ ತನಕ."

"ಬದುಕಿದೀಯಲ್ಲ ಇನ್ನೂ! ಕೈಯಲ್ಲಿ ಎಷ್ಟಿದೆ?"

"ಏಳುನೂರು."

"ನಾನು ಎರಡು ಸಾವಿರ ಅಂದಿದ್ದೆ."

"ಗೊತ್ತು."

"ಚೌಕಾಸಿ ಮಾಡಲ್ವಾ?"

"ನನಗೆ ಬರಲ್ಲ."

"ಅಂಗಡಿ ಇಟ್ಕೊಳ್ಳೋಳು ಹೀಗಂದ್ರೆ ಆಯ್ತು. ಏನಾದ್ರೂ ಕೇಳು. ತಪ್ಪಾದ್ರೆ ಇಲ್ಲ ಅಂತೀನಿ, ಅಷ್ಟೇ ತಾನೇ? ಕಚ್ಚಲ್ಲ."

ನಾನು ಹಿಟ್ಟಿನ ಡಬ್ಬವನ್ನು ನೋಡುತ್ತ ಹೇಳಿದೆ. ಈಗ ಏಳುನೂರು. ಬರುವ ಚಳಿಗಾಲವೆಲ್ಲ ಅಂಗಡಿ ಇಬ್ಬರದೂ, ಬಂದ ಲಾಭದಲ್ಲಿ ಅರ್ಧ ಅವರಿಗೆ. ನನ್ನ ಅರ್ಧದಲ್ಲಿ ಉಳಿದ ಮುಂಗಡವನ್ನು ತೀರಿಸುತ್ತೇನೆ. ಆಮೇಲೆ ಮಿಕ್ಕದ್ದಕ್ಕೆ ಮೂರು ವರ್ಷ. ಇಷ್ಟು ಉದ್ದದ ಮಾತನ್ನು ನಾನು ಜೀವನದಲ್ಲಿ ಆಡಿರಲಿಲ್ಲ. ಕಿವಿ ಸುಡುತ್ತಿತ್ತು.

ಕ್ಲಾರಾ ಕುರ್ಚಿ ಎಳೆದುಕೊಂಡು ಕೂತರು. "ಅರ್ಧ ಅಲ್ಲ, ನನಗೆ ಮೂರರಲ್ಲೊಂದು ಸಾಕು. ಮಂಡಿ ನೋವಿನೋಳು ಕೂತೇ ಇರ್ತೀನಿ" ಅಂದರು. ಮತ್ತೆ, "ಕರುಣೆ ಅಂದ್ಕೋಬೇಡ. ನಿನ್ನ ಬಿಟ್ರೆ ಡಬ್ಬದ ಕೆನೆಯೋರೇ ನನಗೆ ಗತಿ" ಅಂದರು.

ಹೀಗಾಗಿ ಅಂಗಡಿ ನನ್ನದಾಗುತ್ತಿದೆ.

ಏಪ್ರಿಲಿನ ನೂರು ಇದರಲ್ಲಿದೆ.

ನಿಮ್ಮ ಮಗಳು,
ವಿಲ್ಮಾ


ಹನಿವಿಲ್
೩ ಏಪ್ರಿಲ್

ಮಗಳೇ,

ನಿನ್ನ ಕಾಗದ ನಿನ್ನೆ ಬಂತು. ನಿಮ್ಮಪ್ಪ ಓದಿದರು, ಅಂಗಡಿಯ ಕಡೆ ಬಂದಾಗ ನಿಧಾನವಾಗಿ ಓದಿದರು, ಆಮೇಲೆ ಅಷ್ಟನ್ನೇ ಇನ್ನೊಂದು ಸಲ ಓದಿದರು. ಅಜ್ಜಿ, "ಮೂರರಲ್ಲೊಂದಕ್ಕೆ ಇಳಿಸಿದಳಾ? ಸ್ವಲ್ಪ ಸುಮ್ಮನಿದ್ದಿದ್ರೆ ನಾಲ್ಕರಲ್ಲೊಂದಕ್ಕೆ ಬರ್ತಿದ್ದಳು ಆ ಕ್ಲಾರಾ" ಅಂದರು. ಹೊಸ ಹಲ್ಲು ಬಂದ ಮೇಲೆ ಅವರ ಮಾತು ಇನ್ನೂ ಸ್ಪಷ್ಟವಾಗಿದೆ.

ನಾವು ಈಗ ಶನಿವಾರ ಶನಿವಾರ ಕಾಫಿಯ ಜೊತೆ ಲೆಕ್ಕಕ್ಕೆ ಕೂರುತ್ತೇವೆ. ಹೋದ ವಾರ ನಿಮ್ಮಪ್ಪ ಒಂದು ಹೊಸ ಗರಗಸ ಬೇಕು ಅಂದರು, ನಾನು ಬೇಡ ಅಂದೆ, ಅವರು ಸರಿ ಅಂದರು. ಮದುವೆಯಾಗಿ ಇಪ್ಪತ್ಮೂರು ವರ್ಷಕ್ಕೆ ಇದೇ ಮೊದಲು ನಾನು ಯಾವುದಕ್ಕಾದರೂ ಬೇಡ ಅಂದದ್ದು. ಪಾಪ ಅನ್ನಿಸಿ ಈ ವಾರ ತಗೊಳ್ಳಿ ಅಂದೆ. ಹಳೆಯದಕ್ಕೇ ಅರ ಹಾಕಿಸಿದ್ದಾರಂತೆ.

ಕುದುರೆ ಹೋಯಿತು. ಕೊಂಡವರು ಒಳ್ಳೆಯ ಜನ. ಲೆರಾಯ್ ಮಾತ್ರ ಆ ದಿನವಿಡೀ ಖಾಲಿ ಲಾಯವನ್ನು ಗುಡಿಸುತ್ತಿದ್ದ.

ಚೆಕ್ ವಿಷಯ ಹೇಳಬೇಕು. ನಿಮ್ಮಪ್ಪ ಲಕೋಟೆಯಿಂದ ತೆಗೆದು ಬೆಳಕಿಗೆ ಹಿಡಿದರು. "ನೂರೇ ಕಳಿಸಿದಾಳೆ" ಅಂದರು. ಬೇಜಾರಾಯಿತೇನೋ ಅಂದುಕೊಂಡೆ. ನೋಡಿದರೆ ಮುಖದ ತುಂಬ ನಗು. "ನೂರಾ ಹತ್ತಲ್ಲ, ನೂರಾ ಇಪ್ಪತ್ತಲ್ಲ. ಹೇಳಿದಷ್ಟೇ ಕಳಿಸಿದಾಳೆ ನೋಡು ಫ್ಯಾನಿ, ನನ್ನ ಮಾತು ನಂಬಿದಾಳೆ" ಅಂದರು. ಕಮ್ಮಿ ದುಡ್ಡು ಬಂದದ್ದಕ್ಕೆ ಇಷ್ಟು ಖುಷಿಪಟ್ಟ ಗಂಡಸನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಈಗ ಊಟ ಮಾಡಿ ಕಿಟಕಿಯ ಹತ್ತಿರದ ಬೆಂಚಿನ ಮೇಲೆ ಮಲಗಿದ್ದಾರೆ, ಟೋಪಿ ಮುಖದ ಮೇಲೆ. ಹಗಲು ನಿದ್ದೆ ಮಾಡಿದ್ದನ್ನು ನಾನು ಕ್ರಿಸ್‌ಮಸ್‌ನಿಂದ ನೋಡಿರಲಿಲ್ಲ. ರಾತ್ರಿಯದನ್ನೂ ನೋಡಿರಲಿಲ್ಲ ಅನ್ನು. ಬರೆಯುವಾಗ ಮೇಜು ಕಿರುಗುಟ್ಟುತ್ತದೆ ಅಂತ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ.

ಗೊರಕೆ ಶುರುವಾಯಿತು. ಹೊಡೆಯಲಿ ಬಿಡು.

ಅಮ್ಮ